ಸಸ್ಯಾಹಾರಿ ಅಪ್ಪ-ಅಮ್ಮನನ್ನು ಬೆಲ್ಟ್ ಸುಶಿ ಹೋಟೆಲ್‌ಗೆ ಕರೆದುಕೊಂಡು ಹೋಗಬಹುದಾ?

ತುಮಕೂರಿನ_ಮಗಳು
ಎಲ್ಲರಿಗೂ ನಮಸ್ಕಾರ. ನಾವು ಜಪಾನಿನ ಕವಾಸಾಕಿಯಲ್ಲಿದ್ದೇವೆ. ಏಪ್ರಿಲ್‌ನಲ್ಲಿ ಅಪ್ಪ, ಅಮ್ಮ ತುಮಕೂರಿನಿಂದ ಬರುತ್ತಿದ್ದಾರೆ. ಇಬ್ಬರೂ ಸಸ್ಯಾಹಾರಿಗಳು. ಅಪ್ಪ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅಮ್ಮ ಕೇಕ್‌ನಲ್ಲಿ ಮೊಟ್ಟೆ ಇದ್ದರೆ ಪರವಾಗಿಲ್ಲ ಅನ್ನುತ್ತಾರೆ. ನಮ್ಮ ಯಜಮಾನರು ಕುಂದಾಪುರದವರು, ಅವರಿಗೆ ಮೀನು ಬೇಕೇ ಬೇಕು. ಮಕ್ಕಳಿಗೆ ಕೈತೆನ್ ಸುಶಿ ಅಂದರೆ ಪ್ರಾಣ. ವಿನೆಗರ್ ಅನ್ನದ ಮೇಲೆ ಮೀನು ಇಟ್ಟ ತಟ್ಟೆಗಳು ಬೆಲ್ಟ್ ಮೇಲೆ ಸಾಗಿ ಬರುವ ಹೋಟೆಲ್ ಅದು. ತಾತ-ಅಜ್ಜಿ ಬಂದ ಮೇಲೆ ಮೊದಲು ಅಲ್ಲಿಗೇ ಹೋಗಬೇಕು ಅಂತ ಈಗಿಂದಲೇ ಹಟ ಹಿಡಿದಿದ್ದಾರೆ.

ಅಪ್ಪನಿಗೂ ಆ ಬೆಲ್ಟ್ ನೋಡುವ ಆಸೆ ಇದೆ. ಮಕ್ಕಳು ವಿಡಿಯೊ ಕಾಲ್‌ನಲ್ಲಿ ಅಷ್ಟು ಹೇಳಿದ್ದಾರೆ. ಆದರೆ ಅವರು ಅಲ್ಲಿ ತಿನ್ನುವುದೇನು? ಸುಮ್ನೆ ಕೂರಿಸಿ ನಾವು ತಿನ್ನುವುದು ಸರಿಯಾ? ಐದಾರು ಜನಕ್ಕೆ ಈಗ ಎಷ್ಟು ಖರ್ಚಾಗುತ್ತದೆ? ಹಿರಿಯರನ್ನು ಕರೆದುಕೊಂಡು ಹೋದವರು ದಯವಿಟ್ಟು ಹೇಳಿ.

ನಿಶಿಕಸಾಯಿ_ಕನ್ನಡಿಗ
ಧಾರಾಳವಾಗಿ ಕರೆದುಕೊಂಡು ಹೋಗಿ ಅಕ್ಕ. ನಮ್ಮ ಮಾವನವರೂ ಸಸ್ಯಾಹಾರಿ, ಖುಷಿಯಾಗಿ ಬಂದರು. ಸೌತೆಕಾಯಿ ಹಾಕಿದ ಕಪ್ಪಾ ಮಾಕಿ ಎಲ್ಲಾ ಕಡೆ ಸಿಗುತ್ತದೆ. ಇನಾರಿ ಇದೆ, ಅಂದರೆ ಕರಿದ ತೋಫು ಚೀಲದೊಳಗೆ ಅನ್ನ. ಹುದುಗಿಸಿದ ಸೋಯಾ ಕಾಳಿನ ನ್ಯಾಟೊ ಸುರುಳಿ, ಬದನೆಕಾಯಿ ಸುಶಿ, ಉಪ್ಪಿನಲ್ಲಿಟ್ಟ ಮೂಲಂಗಿಯ ಸುರುಳಿ ಕೂಡ ಇರುತ್ತವೆ. ಜೊತೆಗೆ ಆಲೂಗಡ್ಡೆ ಫ್ರೈಸ್, ಹಣ್ಣು, ಐಸ್‌ಕ್ರೀಂ. ಹೊಟ್ಟೆ ತುಂಬುತ್ತದೆ.

ಸಸ್ಯಾಹಾರಿ_ಟೋಕಿಯೊ
ಮೇಲಿನವರು ಹೇಳಿದ್ದನ್ನು ಹಾಗೇ ನಂಬಬೇಡಿ. ಇನಾರಿಯ ತೋಫು ಚೀಲವನ್ನು ಸಾಮಾನ್ಯವಾಗಿ ದಾಶಿಯಲ್ಲಿ ಕುದಿಸುತ್ತಾರೆ. ದಾಶಿ ಅಂದರೆ ಹೆಚ್ಚಿನ ಕಡೆ ಕತ್ಸುಓ ಮೀನನ್ನು ಬೇಯಿಸಿ, ಹೊಗೆಯಲ್ಲಿ ಒಣಗಿಸಿ, ಹೆರೆದು ತೆಗೆದ ಸಾರು. ಮಿಸೊ ಸೂಪ್, ಉದೋನ್ ನೂಡಲ್ಸ್, ಮೊಟ್ಟೆ ಸುಶಿ, ಎಲ್ಲದರಲ್ಲೂ ಅದೇ. ನ್ಯಾಟೊ ಜೊತೆಗಿನ ಸಾಸ್‌ನಲ್ಲೂ ಇರುತ್ತದೆ. ಮೇಜಿನ ಮೇಲಿನ ಸಿಹಿ ಸೋಯಾ ಸಾಸ್‌ಗೂ ಎಷ್ಟೋ ಕಡೆ ಮೀನಿನ ಸಾರು ಸೇರಿಸಿರುತ್ತಾರೆ. ಮೀನಿನ ತುಂಡು ಕಣ್ಣಿಗೆ ಕಾಣದಿದ್ದರೆ ಸಸ್ಯಾಹಾರ ಅಂತ ಹಿರಿಯರಿಗೆ ತಿನ್ನಿಸುವುದು ಮೋಸ.

ನಿಶಿಕಸಾಯಿ_ಕನ್ನಡಿಗ
ಮೋಸ ಅನ್ನುವ ಮಾತು ಜಾಸ್ತಿಯಾಯಿತು. ನಾವು ಹೋಟೆಲ್‌ನವರ ಅಲರ್ಜಿ ಪಟ್ಟಿ ನೋಡಿಯೇ ತರಿಸಿದ್ದು. ಎಲ್ಲಾ ದೊಡ್ಡ ಚೈನ್‌ಗಳೂ ಅದನ್ನು ವೆಬ್‌ಸೈಟಿನಲ್ಲಿ ಹಾಕುತ್ತವೆ.

ಸಸ್ಯಾಹಾರಿ_ಟೋಕಿಯೊ
ಸಮಸ್ಯೆ ಇರುವುದೇ ಆ ಪಟ್ಟಿಯಲ್ಲಿ. ಜಪಾನಿನ ಅಲರ್ಜಿ ಪಟ್ಟಿಯಲ್ಲಿ ಸಿಗಡಿ, ಏಡಿ, ಮೊಟ್ಟೆ, ಹಾಲು ಇವೆ. ಬಂಗುಡೆ ಜಾತಿಯ ಸಾಬಾ, ಸಾಲ್ಮನ್, ಬೊಂಡಾಸ್ (ಸ್ಕ್ವಿಡ್), ಜೆಲಟಿನ್ ಕೂಡ ಇವೆ. ಕತ್ಸುಓ ಇಲ್ಲ. ಹಾಗಾಗಿ ಕತ್ಸುಓ ಸಾರು ಹಾಕಿದ ಪದಾರ್ಥದ ಸಾಲು ಪೂರ್ತಿ ಖಾಲಿ ಇರಬಹುದು. ಅದು ಅಲರ್ಜಿ ಇರುವವರಿಗಾಗಿ ಮಾಡಿದ ಪಟ್ಟಿ, ನಮಗಾಗಿ ಮಾಡಿದ್ದಲ್ಲ. ಹೊಸದಾಗಿ ಇಲ್ಲಿಗೆ ಬಂದವರು ಎಲ್ಲರೂ ಇದನ್ನು ತಿಳಿದುಕೊಳ್ಳಬೇಕು.

ಸುಮ್ನೆ_ಓದುಗ
ಇದು ನಿಜಕ್ಕೂ ಗೊತ್ತಿರಲಿಲ್ಲ. ಧನ್ಯವಾದ.

ಬೈಟೊ_ಹುಡುಗ
ಓದುವಾಗ ಒಂದು ಚೈನ್‌ನ ಅಡುಗೆಮನೆಯಲ್ಲಿ ಪಾರ್ಟ್ ಟೈಮ್ ಕೆಲಸ ಮಾಡಿದ್ದೇನೆ. ಅದಕ್ಕೇ ಒಂದು ವಿಷಯ ಸೇರಿಸುತ್ತೇನೆ. ಸೌತೆಕಾಯಿ ಸುರುಳಿ ನಮ್ಮ ಅಡುಗೆಮನೆಯಲ್ಲಿ ಪದಾರ್ಥದ ಲೆಕ್ಕದಲ್ಲಿ ಸುರಕ್ಷಿತವಾಗಿತ್ತು. ಅನ್ನ, ವಿನೆಗರ್, ಕಡಲಪಾಚಿಯ ಹಾಳೆ, ಸೌತೆಕಾಯಿ, ಎಳ್ಳು, ಅಷ್ಟೇ. ಆದರೆ ಅದನ್ನು ಕತ್ತರಿಸುವ ಹಲಗೆಯ ಮೇಲೇ ಟ್ಯೂನಾ ಸುರುಳಿಯನ್ನೂ ಕತ್ತರಿಸುತ್ತಿದ್ದೆವು. ನಡುವೆ ಒರೆಸುತ್ತೇವೆ ನಿಜ, ಬೇರೆ ಹಲಗೆ ಇರಲಿಲ್ಲ. ಫ್ರೈಸ್ ಕರಿಯುವ ಎಣ್ಣೆಯಲ್ಲೇ ಕೋಳಿ, ಸಿಗಡಿ ಟೆಂಪುರಾ ಕರಿಯುತ್ತಿದ್ದೆವು. ಅಪ್ಪನವರಿಗೆ ಇದು ಪರವಾಗಿಲ್ಲವಾ ಅಂತ ಮೊದಲೇ ಕೇಳಿಬಿಡಿ ಅಕ್ಕ. ಅವರೇ ನಿರ್ಧರಿಸಲಿ.

ತುಮಕೂರಿನ_ಮಗಳು
ಎಣ್ಣೆಯ ವಿಷಯ ಹೇಳಿದ್ದು ಒಳ್ಳೆಯದಾಯಿತು. ಅಪ್ಪ ಅದನ್ನು ಖಂಡಿತ ಒಪ್ಪುವುದಿಲ್ಲ. ಮನೆಯಿಂದ ಚಿತ್ರಾನ್ನ ಕಟ್ಟಿಕೊಂಡು ಹೋಗಿ ಅವರಿಬ್ಬರಿಗೆ ಕೊಡಬಹುದಾ?

ನಗೋಯಾ_ಗೃಹಿಣಿ
ಬೇಡ. ಹೊರಗಿನ ತಿಂಡಿ ತರಬಾರದು ಅಂತ ಬಾಗಿಲಲ್ಲೇ ಬರೆದಿರುತ್ತಾರೆ. ಕೆಲವು ಕಡೆ ಹಸುಗೂಸುಗಳ ಆಹಾರಕ್ಕೆ ಮಾತ್ರ ಬಿಡುತ್ತಾರೆ.

ಕರಾವಳಿ_ಇನ್_ಒಸಾಕಾ
ಡಬ್ಬಿ ತೆಗೆದರೆ ಯಾರೂ ಜಗಳ ಮಾಡುವುದಿಲ್ಲ ಮಾರ್ರೆ. ವಯಸ್ಸಾದವರು, ಸಸ್ಯಾಹಾರ ಅಂತ ಹೇಳಿದರೆ ಆಯಿತು.

ನಗೋಯಾ_ಗೃಹಿಣಿ
ಜಗಳ ಮಾಡುವುದಿಲ್ಲ ಅನ್ನುವುದೇ ಕಾರಣವಾದರೆ ಹೇಗೆ? ಇಲ್ಲಿನ ಜನ ಮುಖದ ಮೇಲೆ ಬೇಡ ಅನ್ನುವುದು ಕಡಿಮೆ. ಅದನ್ನು ಬಳಸಿಕೊಳ್ಳಬಾರದು. ನಮ್ಮ ನಂತರ ಬರುವ ಭಾರತೀಯ ಕುಟುಂಬವನ್ನೂ ಅವರು ಅದೇ ಕಣ್ಣಿನಿಂದ ನೋಡುತ್ತಾರೆ. ಮನೆಯಲ್ಲೇ ಊಟ ಮುಗಿಸಿ, ಸಂಜೆ ಹೊತ್ತಿಗೆ ಹೋಗಿ. ಅವರು ಎರಡು ತಟ್ಟೆ ಸೌತೆಕಾಯಿ ಸುರುಳಿ, ಹಣ್ಣು, ಚಹಾ ತೆಗೆದುಕೊಳ್ಳಲಿ. ನಮ್ಮ ಅತ್ತೆಯವರು ಬಂದಾಗ ಹಾಗೇ ಮಾಡಿದೆವು. ಅವರಿಗೆ ತಿನ್ನುವುದಕ್ಕಿಂತ ಮೊಮ್ಮಗ ಮೇಜಿನ ಬಳಿಯ ಪರದೆ ಒತ್ತಿ ತಟ್ಟೆ ತರಿಸುವುದನ್ನು ನೋಡುವುದೇ ಖುಷಿ.

ಸಸ್ಯಾಹಾರಿ_ಟೋಕಿಯೊ
ಇದು ಸರಿಯಾದ ದಾರಿ. ನನ್ನ ವಿರೋಧ ಅಲ್ಲಿಗೆ ಹೋಗುವುದಕ್ಕಲ್ಲ, ಹೇಳದೆ ತಿನ್ನಿಸುವುದಕ್ಕೆ. ಅವರಿಗೆ ನೆಮ್ಮದಿಯಾಗಿ ಒಂದು ಜಪಾನಿ ಊಟ ಮಾಡಿಸಬೇಕಾದರೆ ಇನ್ನೊಂದು ದಿನ ಟೋಕಿಯೊದ ಪಶ್ಚಿಮಕ್ಕಿರುವ ತಕಾಓ ಬೆಟ್ಟಕ್ಕೆ ಕರೆದುಕೊಂಡು ಹೋಗಿ. ಅಲ್ಲಿನ ಯಾಕುಓ-ಇನ್ ದೇವಾಲಯದಲ್ಲಿ ಬೌದ್ಧ ಸನ್ಯಾಸಿಗಳ ಶೈಲಿಯ ಊಟ ಕೊಡುತ್ತಾರೆ, ಶೋಜಿನ್ ರ್ಯೋರಿ ಅನ್ನುತ್ತಾರೆ. ಆ ಅಡುಗೆಯಲ್ಲಿ ಸಾರನ್ನು ಕಡಲಪಾಚಿ, ಅಣಬೆಯಿಂದ ಮಾಡುತ್ತಾರೆ. ಮೊದಲೇ ಬುಕ್ ಮಾಡಬೇಕು. ಬೆಲ್ಟ್ ಸುಶಿಗಿಂತ ದುಬಾರಿ.

ನಿಶಿಕಸಾಯಿ_ಕನ್ನಡಿಗ
ಸರಿ, ಇನಾರಿ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. ಖರ್ಚಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಹೆಚ್ಚಿನ ಕಡೆ ಒಂದು ತಟ್ಟೆ 100 ಯೆನ್ ಅನ್ನುವ ಕಾಲ ಮುಗಿಯಿತು. 2022ರ ಅಕ್ಟೋಬರ್‌ನಲ್ಲಿ ಸುಶಿರೊ ಮತ್ತು ಕುರಾ ಅನ್ನುವ ಎರಡು ದೊಡ್ಡ ಚೈನ್‌ಗಳೂ ಬೆಲೆ ಏರಿಸಿದವು. ಸುಶಿರೊದ ಅತಿ ಅಗ್ಗದ ತಟ್ಟೆ ತೆರಿಗೆ ಸೇರಿ 110ರಿಂದ 120 ಯೆನ್ ಆಯಿತು. ಊರ ನಡುವಿನ ಅಂಗಡಿಯಲ್ಲಿ ಇನ್ನೂ ಜಾಸ್ತಿ. ಈಗ ದೊಡ್ಡವರು ಹೊಟ್ಟೆ ತುಂಬ ತಿಂದರೆ ತಲೆಗೆ ಒಂದೂವರೆಯಿಂದ ಎರಡು ಸಾವಿರ ಯೆನ್ ಇಟ್ಟುಕೊಳ್ಳಿ. ಮಕ್ಕಳಿಗೆ ಸಾವಿರ ಸಾಕು. ಟಿಪ್ಸ್ ಕೊಡುವ ಪದ್ಧತಿ ಇಲ್ಲ.

ಗಿಂಜಾ_ರುಚಿ
ಎರಡು ಸಾವಿರ ಕೊಟ್ಟು ಯಂತ್ರ ಮಾಡಿದ ಅನ್ನದ ಉಂಡೆ ತಿನ್ನುವ ಬದಲು, ಇನ್ನೂ ಸ್ವಲ್ಪ ಸೇರಿಸಿ ಒಂದು ಒಳ್ಳೆಯ ಅಂಗಡಿಯಲ್ಲಿ ಮಧ್ಯಾಹ್ನದ ಊಟ ಮಾಡಬಹುದು. ಬೆಲ್ಟ್ ಮೇಲೆ ಬರುವುದು ನಿಜವಾದ ಸುಶಿ ಅಲ್ಲ. ಕೈಯಲ್ಲಿ ಒತ್ತಿದ ಸುಶಿಯ ಅನ್ನ ಬಾಯಲ್ಲಿ ಬಿಡಿಬಿಡಿಯಾಗಿ ಕರಗುತ್ತದೆ. ಅದನ್ನು ಒಮ್ಮೆ ತಿಂದವರು ಇದಕ್ಕೆ ಮರಳುವುದಿಲ್ಲ.

ಕರಾವಳಿ_ಇನ್_ಒಸಾಕಾ
ಇದಕ್ಕೆ ನನ್ನ ಪೂರ್ತಿ ವಿರೋಧವಿದೆ. ಬೆಲ್ಟ್ ಸುಶಿ ಶುರುವಾದದ್ದು ನಮ್ಮ ಪಕ್ಕದಲ್ಲೇ, ಹಿಗಾಶಿ ಒಸಾಕಾದಲ್ಲಿ. ಅದು ಸಣ್ಣ ಸಣ್ಣ ಕಾರ್ಖಾನೆಗಳ ಊರು. ಶಿರಾಇಶಿ ಯೋಶಿಆಕಿ ಎಂಬುವವರು ಅಲ್ಲಿ ನಮ್ಮ ದರ್ಶಿನಿಯಂತೆ ನಿಂತು ತಿನ್ನುವ ಸುಶಿ ಅಂಗಡಿ ಇಟ್ಟಿದ್ದರು. ಬರುವವರು ಕಾರ್ಮಿಕರು. ಅಗ್ಗವಾಗಿರಬೇಕು, ಬೇಗ ಸಿಗಬೇಕು. ಕೆಲಸಕ್ಕೆ ಜನ ಸಿಗುತ್ತಿರಲಿಲ್ಲ. ಬಿಯರ್ ಕಾರ್ಖಾನೆಯಲ್ಲಿ ಬಾಟಲಿಗಳು ಬೆಲ್ಟ್ ಮೇಲೆ ಸಾಗುವುದನ್ನು ನೋಡಿ ಅವರಿಗೆ ಈ ಯೋಚನೆ ಬಂತು. 1958ರಲ್ಲಿ ಗೆನ್‌ರೊಕು ಸುಶಿ ತೆರೆದರು. 1970ರ ಒಸಾಕಾ ಎಕ್ಸ್‌ಪೊ ಎಂಬ ವಿಶ್ವ ಮೇಳದಲ್ಲಿ ಮಳಿಗೆ ಹಾಕಿದ ಮೇಲೆ ದೇಶಕ್ಕೆಲ್ಲ ಗೊತ್ತಾಯಿತು.

ಆಗ ಸುಶಿ ಅಂದರೆ ದುಡ್ಡಿದ್ದವರ ತಿಂಡಿ. ಗೋಡೆಯ ಮೇಲೆ ಬೆಲೆಯನ್ನೂ ಬರೆಯದ ಅಂಗಡಿಗಳು. ಬಡ ಮನೆಯವರು ಮಕ್ಕಳನ್ನು ಕರೆದುಕೊಂಡು ಒಳಗೆ ಹೋಗುವ ಹಾಗೇ ಇರಲಿಲ್ಲ. ತಟ್ಟೆಯ ಬಣ್ಣ ನೋಡಿ ಬೆಲೆ ತಿಳಿದು, ಕಿಸೆಯಲ್ಲಿ ಇದ್ದಷ್ಟು ತಿಂದು, ಎದ್ದು ಬರುವ ಧೈರ್ಯ ಕೊಟ್ಟಿದ್ದು ಈ ಬೆಲ್ಟ್. ಅದನ್ನು ನಿಜವಾದದ್ದಲ್ಲ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಗಿಂಜಾ_ರುಚಿ
ಇತಿಹಾಸಕ್ಕೆ ನನ್ನ ಗೌರವ ಇದೆ. ನಾನು ಹೇಳಿದ್ದು ರುಚಿಯ ಬಗ್ಗೆ.

ಬೈಟೊ_ಹುಡುಗ
ರುಚಿಯಲ್ಲಿ ವ್ಯತ್ಯಾಸ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಯಂತ್ರದ ಅನ್ನ ಅಂದರೆ ಗಟ್ಟಿ ಉಂಡೆ ಅಂದುಕೊಳ್ಳಬೇಡಿ. ಮೊದಲ ಸುಶಿ ರೋಬೋಟ್ ಬಂದದ್ದು 1981ರಲ್ಲಿ, ಸುಝುಮೊ ಕಂಪನಿಯದು. ಅಲ್ಲಿಂದ ಇಲ್ಲಿಗೆ ಬಹಳ ಸುಧಾರಿಸಿದೆ. ಒಳಗೆ ಗಾಳಿ ಉಳಿಯುವ ಹಾಗೆ ಮೆತ್ತಗೆ ಒತ್ತುತ್ತದೆ. ಭಾನುವಾರ ಮಧ್ಯಾಹ್ನ ಆ ಯಂತ್ರ ನಿಂತರೆ ನಮ್ಮ ಅಡುಗೆಮನೆ ಪೂರ್ತಿ ನಿಲ್ಲುತ್ತಿತ್ತು. ನಮ್ಮ ಕೆಲಸ ಉಂಡೆಯ ಮೇಲೆ ಮೀನು ಇಡುವುದು, ತಟ್ಟೆಗೆ ಹಾಕುವುದು. ಮೀನು ಕತ್ತರಿಸಿಯೇ ಬರುತ್ತಿತ್ತು.

ಕನಜಾವಾ_ಇಂಜಿನಿಯರ್
ಯಂತ್ರದ ಮಾತು ಬಂತು ಅಂತ ಬರೆಯುತ್ತಿದ್ದೇನೆ. ಜಪಾನಿನ ಸುಶಿ ಬೆಲ್ಟ್‌ಗಳು ಹೆಚ್ಚುಕಡಿಮೆ ಎಲ್ಲವೂ ತಯಾರಾಗುವುದು ನಾನಿರುವ ಇಶಿಕಾವಾ ಪ್ರಾಂತ್ಯದಲ್ಲಿ. ಹತ್ತಿರ ಹೋಗಿ ನೋಡಿದರೆ ಅದು ಒಂದೇ ಉದ್ದದ ಪಟ್ಟಿ ಅಲ್ಲ. ಅರ್ಧಚಂದ್ರಾಕಾರದ ಫಲಕಗಳನ್ನು ಸರಪಳಿಗೆ ಜೋಡಿಸಿರುತ್ತಾರೆ. ಆ ಆಕಾರ ಇರುವುದರಿಂದಲೇ ಮೂಲೆಯಲ್ಲಿ ತಿರುಗುವಾಗ ಸಂದು ಬೀಳುವುದಿಲ್ಲ, ತಟ್ಟೆ ಅಲುಗುವುದಿಲ್ಲ. ಶಿರಾಇಶಿಯವರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದು ಈ ತಿರುವಿಗೇ.

ವೇಗವೂ ಸುಮ್ನೆ ಇಟ್ಟದ್ದಲ್ಲ. ಸೆಕೆಂಡಿಗೆ ಸುಮಾರು 8 ಸೆಂಟಿಮೀಟರ್. ನಿಧಾನವಾದರೆ ಕಾಯುವವರಿಗೆ ಬೇಸರ. ಜೋರಾದರೆ ತಟ್ಟೆ ಎತ್ತಿಕೊಳ್ಳುವುದು ಕಷ್ಟ, ಮೀನಿನ ಮೇಲ್ಮೈಯೂ ಒಣಗುತ್ತದೆ. ಬೆಲ್ಟ್ ಹೆಚ್ಚಾಗಿ ಗಡಿಯಾರದ ದಿಕ್ಕಿನಲ್ಲೇ ಸುತ್ತುತ್ತದೆ. ಬಲಗೈಯಲ್ಲಿ ಚಾಪ್‌ಸ್ಟಿಕ್ ಹಿಡಿದವರು ಎಡಗೈಯಲ್ಲಿ ತಟ್ಟೆ ತೆಗೆಯಲು ಅದು ಅನುಕೂಲ.

ಸುಮ್ನೆ_ಓದುಗ
ಇಷ್ಟು ವರ್ಷ ಅಲ್ಲಿ ಕೂತು ತಿಂದರೂ ಆ ಫಲಕಗಳ ಕಡೆ ಗಮನವೇ ಹೋಗಿರಲಿಲ್ಲ!

ಮಲೆನಾಡು_ಮಳೆ
ನಾನು ಶಿವಮೊಗ್ಗದಿಂದ. ಮೇ ತಿಂಗಳಲ್ಲಿ ಪ್ರವಾಸ ಬರುವವನು. ಎರಡು ಭಯ ಇದೆ. ಹಸಿ ಮೀನಿನಿಂದ ಹುಳ ಬರುವುದಿಲ್ಲವಾ? ಮತ್ತೆ ಎಲ್ಲರ ಮುಂದೆ ಸುತ್ತಿ ಬರುವ ತಟ್ಟೆ ಎಷ್ಟು ಶುಚಿ? ಯಾರೋ ಸಾಸ್ ಬಾಟಲಿ ನೆಕ್ಕಿದ ವಿಡಿಯೊ ನೋಡಿದ್ದೆ.

ನಗೋಯಾ_ಗೃಹಿಣಿ
ಆ ವಿಡಿಯೊ 2023ರ ಜನವರಿಯಲ್ಲಿ ಹರಡಿದ್ದು. ನಮ್ಮ ಪಕ್ಕದ ಗಿಫು ಪ್ರಾಂತ್ಯದ ಒಂದು ಅಂಗಡಿಯದು. ಒಬ್ಬ ಹುಡುಗ ಬಾಟಲಿ, ಲೋಟ ನೆಕ್ಕಿ, ಎಂಜಲು ಬೆರಳಿನಲ್ಲಿ ಸುಶಿ ಮುಟ್ಟಿದ್ದ. ಇಡೀ ದೇಶಕ್ಕೆ ಸಿಟ್ಟು ಬಂತು. ಇಲ್ಲಿ ಇಂಥ ಹೋಟೆಲ್ ನಡೆಯುವುದೇ ಬಂದವರ ಮೇಲಿನ ನಂಬಿಕೆಯಿಂದ. ಅದನ್ನೇ ಮುರಿದ ಹಾಗಾಯಿತು ಅಂತ ನನ್ನ ಜಪಾನಿ ಗೆಳತಿ ಬಹಳ ನೊಂದುಕೊಂಡಳು.

ಅದಾದ ಮೇಲೆ ದೊಡ್ಡ ಚೈನ್‌ಗಳಲ್ಲಿ ಹೆಚ್ಚಿನವು ತಟ್ಟೆಗಳನ್ನು ಸುಮ್ಮನೆ ಸುತ್ತಿಸುವುದನ್ನು ಬಿಟ್ಟಿವೆ. ನೀವು ಪರದೆಯಲ್ಲಿ ಒತ್ತಿದ್ದು ಮಾತ್ರ ನೇರ ಲೇನ್‌ನಲ್ಲಿ ನಿಮ್ಮ ಮೇಜಿಗೆ ಬರುತ್ತದೆ. ಕುರಾದಲ್ಲಿ ಇನ್ನೂ ಸುತ್ತುತ್ತದೆ. ಆದರೆ ಪ್ರತಿ ತಟ್ಟೆಗೂ ಗುಮ್ಮಟದಂಥ ಮುಚ್ಚಳ ಇದೆ. ಯಾರಾದರೂ ಅನುಮಾನ ಬರುವ ಹಾಗೆ ಮುಚ್ಚಳ ತೆರೆದು ಮುಚ್ಚಿದರೆ ಕ್ಯಾಮರಾ ಹಿಡಿಯುತ್ತದೆ.

ಬೈಟೊ_ಹುಡುಗ
ಹುಳದ ಬಗ್ಗೆ: ಅನಿಸಾಕಿಸ್ ಅನ್ನುವುದು ನಿಜವಾದ ಅಪಾಯವೇ. ಮೈನಸ್ 20 ಡಿಗ್ರಿಯಲ್ಲಿ 24 ಗಂಟೆಗಿಂತ ಹೆಚ್ಚು ಇಟ್ಟರೆ ಅದು ಸಾಯುತ್ತದೆ ಅಂತ ಇಲ್ಲಿನ ಆರೋಗ್ಯ ಇಲಾಖೆಯೇ ಹೇಳುತ್ತದೆ. ಅಗ್ಗದ ಚೈನ್‌ಗಳಿಗೆ ಮೀನು ಹೆಚ್ಚಾಗಿ ಫ್ರೀಜ್ ಆಗಿಯೇ ಬರುತ್ತದೆ. ಫ್ರೀಜ್ ಮಾಡಿದ್ದು ಅಂತ ಮೂಗು ಮುರಿಯುವವರು ಇದನ್ನು ನೆನಪಿಡಬೇಕು. ವಿನೆಗರ್, ಖಾರದ ಹಸಿರು ವಸಾಬಿಯಿಂದ ಆ ಹುಳ ಸಾಯುವುದಿಲ್ಲ. ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಹಸಿ ಮೀನು ತಿನ್ನುವ ಮೊದಲು ಡಾಕ್ಟರನ್ನು ಕೇಳಬೇಕು.

ಮಲೆನಾಡು_ಮಳೆ
ಧೈರ್ಯ ಬಂತು. ಮೊದಲ ಸಲ ತಿನ್ನುವವನು ಯಾವುದರಿಂದ ಶುರು ಮಾಡಬೇಕು? ಮೀನು ಸಾರು ತಿಂದು ಬೆಳೆದವನು, ಹಸಿ ಮೀನು ತಿಂದಿಲ್ಲ.

ಕರಾವಳಿ_ಇನ್_ಒಸಾಕಾ
ಮೊದಲು ಬೇಯಿಸಿದ್ದು. ಬೆಂದ ಸಿಗಡಿ, ಸುಟ್ಟ ಉನಾಗಿ ಅಂದರೆ ಹಾವುಮೀನು. ಆಮೇಲೆ ಮೇಲ್ಭಾಗವನ್ನು ಬೆಂಕಿಯಲ್ಲಿ ಸುಟ್ಟ ಸಾಲ್ಮನ್, ಅಬುರಿ ಅನ್ನುತ್ತಾರೆ. ಅದು ಹಿಡಿಸಿದರೆ ಹಸಿ ಸಾಲ್ಮನ್, ನಂತರ ಟ್ಯೂನಾ. ಬೊಂಡಾಸ್ ಹಸಿಯಾಗಿ ತಿಂದರೆ ಅಗಿಯಲು ಕೆಲಸ ಜಾಸ್ತಿ, ಮೊದಲ ದಿನ ಬೇಡ. ಸಾಬಾ ನಮ್ಮ ಬಂಗುಡೆಯ ನೆಂಟ. ಉಪ್ಪು, ವಿನೆಗರ್ ಹಾಕಿಟ್ಟಿರುತ್ತಾರೆ, ಬಂಗುಡೆ ಪ್ರೀತಿಸುವವರಿಗೆ ಅದರ ವಾಸನೆ ಪರಿಚಿತವೇ. ನಡುವೆ ಗಾರಿ ತಿನ್ನಿ, ಅಂದರೆ ಸಿಹಿ-ಹುಳಿ ಶುಂಠಿ. ಹಿಂದಿನ ಮೀನಿನ ರುಚಿ ಹೋಗಿ ಬಾಯಿ ಹೊಸದಾಗುತ್ತದೆ.

ಗಿಂಜಾ_ರುಚಿ
ಸಾಲ್ಮನ್ ಹಳೆಯ ಜಪಾನಿನ ಸುಶಿ ಅಲ್ಲ ಅನ್ನುವುದು ಗೊತ್ತಿರಲಿ. ಇಲ್ಲಿನ ಕಾಡು ಸಾಲ್ಮನ್‌ನಲ್ಲಿ ಹುಳದ ಭಯವಿತ್ತು, ಸಾಮಾನ್ಯವಾಗಿ ಹಸಿಯಾಗಿ ತಿನ್ನುತ್ತಿರಲಿಲ್ಲ. 1980ರ ದಶಕದಲ್ಲಿ ನಾರ್ವೆಯವರು ಸಾಕಿದ ಸಾಲ್ಮನ್ ಮಾರಲು ಬಂದರು. ಸುಶಿಗೆ ಬಳಸಿ ಅಂತ ವರ್ಷಗಟ್ಟಲೆ ಪ್ರಚಾರ ಮಾಡಿದರು. ಹಳೆಯ ಸುಶಿ ಅಂಗಡಿಗಳು ಒಪ್ಪಲಿಲ್ಲ.

ಕರಾವಳಿ_ಇನ್_ಒಸಾಕಾ
ನೋಡಿ, ನೀವೇ ನನ್ನ ವಾದ ಮುಂದುವರಿಸಿದಿರಿ. ಹಳೆಯ ಅಂಗಡಿಗಳು ಒಪ್ಪದ ಸಾಲ್ಮನ್ ಅನ್ನು ಜನರ ತಟ್ಟೆಗೆ ತಂದದ್ದು ಬೆಲ್ಟ್ ಅಂಗಡಿಗಳು. ಇವತ್ತು ಮಕ್ಕಳು ಮೊದಲು ಕೇಳುವುದೇ ಅದನ್ನು.

ಗಿಂಜಾ_ರುಚಿ
ಆ ಮಾತು ಒಪ್ಪುತ್ತೇನೆ. ಮೇಯನೇಸ್ ಹಾಕಿದ ಜೋಳದ ಸುಶಿಯನ್ನು ಮಾತ್ರ ಒಪ್ಪುವುದಿಲ್ಲ.

ನಿಶಿಕಸಾಯಿ_ಕನ್ನಡಿಗ
ನಮ್ಮ ಮಗಳು ಅದನ್ನು ಬಿಟ್ಟು ಬೇರೆ ತಿನ್ನುವುದೇ ಇಲ್ಲ ಸರ್. ಮಕ್ಕಳು ಅನ್ನ ತಿಂದರೆ ಸಾಕು ಅನ್ನಿಸುತ್ತದೆ.

ತುಮಕೂರಿನ_ಮಗಳು
ಓದಿ ತುಂಬಾ ತಿಳಿಯಿತು. ಅಪ್ಪನ ಜೊತೆ ಮಾತಾಡಿದೆ. ದಾಶಿ, ಎಣ್ಣೆ, ಹಲಗೆ ಎಲ್ಲಾ ಬಿಡಿಸಿ ಹೇಳಿದೆ. "ನಾನು ಹಣ್ಣು, ಚಹಾ ತಗೊಳ್ತೀನಿ, ಮಕ್ಕಳ ಜೊತೆ ಬರ್ತೀನಿ" ಅಂದರು. ಅಮ್ಮ ಸೌತೆಕಾಯಿ ಸುರುಳಿ ನೋಡುತ್ತೇನೆ ಅಂದರು. ಹಾಗಾಗಿ ಹೋಗುವುದು ಖಚಿತ.

ಮಕ್ಕಳಿಗೆ ಹೆಚ್ಚು ಖುಷಿ ಕೊಡುವುದು ಯಾವುದು? ಅಪ್ಪನಿಗೆ ಮಂಡಿ ನೋವು ಇದೆ, ಕೂರುವ ಜಾಗ ಹೇಗಿರುತ್ತದೆ?

ನಿಶಿಕಸಾಯಿ_ಕನ್ನಡಿಗ
ಮಕ್ಕಳಿಗಾದರೆ ಕುರಾ. ಖಾಲಿ ತಟ್ಟೆಯನ್ನು ಮೇಜಿನ ಪಕ್ಕದ ಕಿಂಡಿಗೆ ಹಾಕಬೇಕು. ಅದು ತಾನೇ ಎಣಿಸಿಕೊಳ್ಳುತ್ತದೆ. ಐದು ತಟ್ಟೆ ಆದಾಗ ಪರದೆಯಲ್ಲಿ ಆಟ ಬರುತ್ತದೆ. ಗೆದ್ದರೆ ಮೇಲಿನಿಂದ ಸಣ್ಣ ಆಟಿಕೆಯ ಡಬ್ಬಿ ಬೀಳುತ್ತದೆ. ಕಪ್ಪಾ ಸುಶಿ ಅನ್ನುವ ಇನ್ನೊಂದು ಚೈನ್‌ನಲ್ಲಿ ಶಿಂಕಾನ್‌ಸೆನ್ ರೈಲಿನ ಆಕಾರದ ಗಾಡಿಯಲ್ಲಿ ತಟ್ಟೆ ಬರುತ್ತದೆ, ಸಣ್ಣ ಮಕ್ಕಳಿಗೆ ಅದೂ ಇಷ್ಟ.

ಕರಾವಳಿ_ಇನ್_ಒಸಾಕಾ
ಒಸಾಕಾ ಕಡೆ ಬಂದರೆ ದೋತೊಂಬೊರಿಯಲ್ಲಿ ಗೆನ್‌ರೊಕು ಇದೆ. ಎಲ್ಲಾ ಶುರು ಮಾಡಿದ ಅದೇ ಹೆಸರು. ಅಲ್ಲಿ ಕೌಂಟರ್ ಮುಂದೆ ಕೂತು ತಿನ್ನುವುದು. 2025ರ ಎಕ್ಸ್‌ಪೊಗೆ ಬಂದವರು ಕುರಾದವರ 135 ಮೀಟರ್ ಉದ್ದದ ಬೆಲ್ಟ್ ನೋಡಿರುತ್ತೀರಿ. ಸುಮಾರು 70 ದೇಶಗಳ ತಿಂಡಿ ಅದರ ಮೇಲೆ ಸುತ್ತುತ್ತಿತ್ತು. ನಾನು ಕ್ಯೂ ನೋಡಿ ವಾಪಸ್ ಬಂದೆ, ಈಗಲೂ ಬೇಸರವಿದೆ.

ನಗೋಯಾ_ಗೃಹಿಣಿ
ಮಂಡಿ ನೋವಿನ ಬಗ್ಗೆ: ಆ್ಯಪ್‌ನಲ್ಲಿ ಬುಕ್ ಮಾಡುವಾಗ ಕೌಂಟರ್ ಅಲ್ಲ, ಟೇಬಲ್ ಅಂತ ಆರಿಸಿ. ಎದುರುಬದುರು ಸೋಫಾ ಇರುತ್ತದೆ, ಕಾಲು ಇಳಿಬಿಟ್ಟು ಕೂರಬಹುದು. ತಂದೆಯವರನ್ನು ಬೆಲ್ಟ್‌ನಿಂದ ದೂರದ ಅಂಚಿಗೆ ಕೂರಿಸಿದರೆ ಏಳಲು ಸುಲಭ. ಆದರೆ ಅವರಿಗೆ ಬೆಲ್ಟ್ ನೋಡುವ ಆಸೆ ಅಂದಿರಿ, ಅವರೇ ಹೇಳಲಿ.

ಇನ್ನೊಂದು ಮುಖ್ಯ ವಿಷಯ. ಮೇಜಿನ ಪಕ್ಕ ಕಪ್ಪು ಗುಂಡಿಯ ನಲ್ಲಿ ಇರುತ್ತದೆ. ಅದರಲ್ಲಿ ಬರುವುದು ಕುದಿಯುವಷ್ಟು ಬಿಸಿ ನೀರು, ಚಹಾಕ್ಕೆ. ಊರಿಂದ ಬಂದ ಹಿರಿಯರು ಊಟದ ಮೊದಲು ಕೈ ತೊಳೆಯಲು ಅದರ ಕೆಳಗೆ ಕೈ ಒಡ್ಡುತ್ತಾರೆ. ಕೂತ ತಕ್ಷಣ ಹೇಳಿಬಿಡಿ. ಮಕ್ಕಳನ್ನೂ ಆ ಕಡೆ ಕೂರಿಸಬೇಡಿ. ಲೋಟಕ್ಕೆ ಒಂದು ಸಣ್ಣ ಚಮಚ ಹಸಿರು ಚಹಾ ಪುಡಿ ಹಾಕಿ, ಲೋಟದ ಅಂಚಿನಿಂದ ಗುಂಡಿ ಒತ್ತಿದರೆ ನೀರು ಬರುತ್ತದೆ.

ಸಸ್ಯಾಹಾರಿ_ಟೋಕಿಯೊ
ಆ ಹಸಿರು ಪುಡಿ ಚಹಾದ್ದೇ ಅಂತಲೂ ಹೇಳಿ. ವಸಾಬಿ ಬೇರೆ ಪೊಟ್ಟಣದಲ್ಲಿ ಬರುತ್ತದೆ. ದೊಡ್ಡ ಚೈನ್‌ಗಳಲ್ಲಿ ಈಗ ಸುಶಿಯೊಳಗೆ ವಸಾಬಿ ಇಡುವುದಿಲ್ಲ, ಬೇಕಾದವರು ಹಾಕಿಕೊಳ್ಳಬೇಕು. ಅಮ್ಮನವರಿಗೆ ಸೋಯಾ ಸಾಸ್ ಬೇಕಾದರೆ ಬಾಟಲಿಯ ಮೇಲೆ ದಾಶಿ ಅಂತ ಬರೆದಿದೆಯಾ ನೋಡಿ. ಬರೆಯದಿದ್ದರೂ ಒಮ್ಮೆ ಕೇಳಿ.

ಮಲೆನಾಡು_ಮಳೆ
ಬೆಲ್ಟ್‌ನಿಂದ ತೆಗೆದ ತಟ್ಟೆ ಬೇಡ ಅನ್ನಿಸಿದರೆ ವಾಪಸ್ ಇಡಬಹುದಾ?

ಬೈಟೊ_ಹುಡುಗ
ಇಡಲೇಬಾರದು. ಮುಟ್ಟಿದರೆ ಅದು ನಿಮ್ಮದು. ಲೇನ್‌ನಲ್ಲಿ ಬೇರೆ ಮೇಜಿಗೆ ಹೋಗುತ್ತಿರುವ ತಟ್ಟೆಯನ್ನೂ ತೆಗೆಯಬಾರದು. ನಿಮ್ಮದು ಬಂದಾಗ ಪರದೆ ಸದ್ದು ಮಾಡಿ ತೋರಿಸುತ್ತದೆ.

ಅಕ್ಕ, ನೀವು ಹೋಗುವ ದಿನ ಯಾವುದು? ಏಪ್ರಿಲ್ ಮೊದಲ ವಾರ ಶಾಲೆಗೆ ವಸಂತ ರಜೆ. ವಾರದ ನಡುವೆಯೂ ಮಧ್ಯಾಹ್ನ ತುಂಬಿರುತ್ತದೆ.

ತುಮಕೂರಿನ_ಮಗಳು
ಅವರು ಬರುವುದು ಎರಡನೇ ವಾರ. ಶನಿವಾರ ಸಂಜೆ ಅಂದುಕೊಂಡಿದ್ದೆವು.

ಬೈಟೊ_ಹುಡುಗ
ಶನಿವಾರ ಸಂಜೆ ಬೇಡ. ಬುಕ್ ಮಾಡಿದರೂ ಬಾಗಿಲಲ್ಲಿ ನಿಲ್ಲಬೇಕಾಗಬಹುದು, ಅಪ್ಪನವರ ಮಂಡಿಗೆ ಕಷ್ಟ. ವಾರದ ದಿನ ಮಕ್ಕಳು ಶಾಲೆಯಿಂದ ಬಂದ ಕೂಡಲೇ ಹೊರಡಿ. ಮೂರೂವರೆಯಿಂದ ಐದರವರೆಗೆ ನಮ್ಮ ಅಂಗಡಿ ಅರ್ಧ ಖಾಲಿ ಇರುತ್ತಿತ್ತು. ಬೆಲ್ಟ್ ಪಕ್ಕದ ಒಳ್ಳೆಯ ಟೇಬಲ್ ಸಿಗುತ್ತದೆ, ಎಷ್ಟು ಹೊತ್ತು ಕೂತರೂ ಯಾರೂ ಅವಸರ ಮಾಡುವುದಿಲ್ಲ.

ತುಮಕೂರಿನ_ಮಗಳು
ಸರಿ, ಹಾಗಾದರೆ ಬುಧವಾರ ಮೂರೂವರೆಗೆ ಬುಕ್ ಮಾಡುತ್ತೇನೆ. ಅವತ್ತು ಶಾಲೆ ಬೇಗ ಬಿಡುತ್ತದೆ.